ಅಪಘಾತದ ಅಂಕಿಅಂಶ ಮತ್ತು ‘ಹೊರಗಿನ ಚಾಲಕ’: ನಂಬರ್ ಪ್ಲೇಟ್‌ನಿಂದ ತಿಳಿಯುವುದೆಷ್ಟು?

2025ರ ಆಗಸ್ಟ್ 12ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಫೋರ್ಟ್ ಪಿಯರ್ಸ್ ಬಳಿ, ಭಾರತ ಮೂಲದ ಚಾಲಕರೊಬ್ಬರು ತಮ್ಮ ಸರಕು ಲಾರಿಯನ್ನು ಯು ಟರ್ನ್‌ಗೆ ಅವಕಾಶವಿಲ್ಲದ ಜಾಗದಲ್ಲಿ ತಿರುಗಿಸಲು ಹೋದರು. ಹೆದ್ದಾರಿಗೆ ಅಡ್ಡವಾಗಿ ನಿಂತ ಟ್ರೇಲರ್‌ಗೆ ಹಿಂದಿನಿಂದ ಬಂದ ವ್ಯಾನ್ ಅಪ್ಪಳಿಸಿ ಅದರಲ್ಲಿದ್ದ ಮೂವರೂ ಸತ್ತರು. ಒಂಬತ್ತು ದಿನ ಕಳೆಯುವಷ್ಟರಲ್ಲಿ ಆ ದೇಶದ ವಿದೇಶಾಂಗ ಕಾರ್ಯದರ್ಶಿ ಮಾರ್ಕೊ ರುಬಿಯೊ ಅವರು ವಾಣಿಜ್ಯ ಲಾರಿ ಚಾಲಕರಿಗೆ ಉದ್ಯೋಗ ವೀಸಾ ಕೊಡುವುದನ್ನು ತಕ್ಷಣದಿಂದ ನಿಲ್ಲಿಸಲಾಗಿದೆ ಎಂದು ಪ್ರಕಟಿಸಿದರು. ಒಂದು ಅಪಘಾತದಿಂದ ಶುರುವಾದ ಚರ್ಚೆ ಒಂದು ಸಮುದಾಯಕ್ಕೆ ಲಾರಿ ಓಡಿಸಲು ಬರುತ್ತದೆಯೋ ಇಲ್ಲವೋ ಎಂಬಲ್ಲಿಗೆ ಬಂದು ನಿಂತಿತು.

ಈ ಸುದ್ದಿಯನ್ನು ಓದಿದ ಕನ್ನಡಿಗರಲ್ಲಿ ಎರಡು ಬಗೆಯ ಪ್ರತಿಕ್ರಿಯೆ ಕಂಡಿತು. ಇದು ಶುದ್ಧ ಜನಾಂಗೀಯ ದ್ವೇಷ ಎಂದವರು ಕೆಲವರು. ನಮ್ಮ ರಸ್ತೆಗಳಲ್ಲಿ ವರ್ಷಕ್ಕೆ 1.7 ಲಕ್ಷ ಜನ ಸಾಯುತ್ತಿರುವಾಗ ಅವರ ಅನುಮಾನದಲ್ಲಿ ತಪ್ಪೇನಿದೆ ಎಂದವರು ಇನ್ನು ಕೆಲವರು. ವಿಚಿತ್ರವೆಂದರೆ, ಅಮೆರಿಕದಲ್ಲಿ ಪಂಜಾಬಿ ಚಾಲಕರ ಬಗ್ಗೆ ಕೇಳಿಬಂದ ಮಾತನ್ನೇ ಹಿರಿಯೂರಿನಿಂದ ಹರಿಹರದವರೆಗಿನ ಹೆದ್ದಾರಿಯಲ್ಲಿ ನಾವು ತಮಿಳುನಾಡಿನ, ರಾಜಸ್ಥಾನದ, ಮಹಾರಾಷ್ಟ್ರದ ಚಾಲಕರ ಬಗ್ಗೆ ಆಡುತ್ತಲೇ ಬಂದಿದ್ದೇವೆ. ಆ ಮಾತಿಗೆ ಅಂಕಿಅಂಶಗಳ ಆಧಾರ ಎಷ್ಟಿದೆ, ಆಧಾರ ಇದೆಯೋ ಇಲ್ಲವೋ ಎಂದು ತಿಳಿಯಲು ಯಾವ ಲೆಕ್ಕ ಬೇಕು ಎಂಬುದು ಇಲ್ಲಿನ ಪ್ರಶ್ನೆ.

ಫ್ಲಾರಿಡಾದ ನಂತರ

ಮೊದಲು ಅಮೆರಿಕ ಸರ್ಕಾರದ ವಾದವನ್ನು ಅದರ ಅತ್ಯುತ್ತಮ ರೂಪದಲ್ಲಿ ನೋಡಬೇಕು. ಅಪಘಾತದ ನಂತರ ಅಲ್ಲಿನ ಸಾರಿಗೆ ಇಲಾಖೆ ಆ ಚಾಲಕರಿಗೆ ಇಂಗ್ಲಿಷ್ ಪರೀಕ್ಷೆ ನಡೆಸಿತು. ಹನ್ನೆರಡು ಮೌಖಿಕ ಪ್ರಶ್ನೆಗಳಲ್ಲಿ ಎರಡಕ್ಕೆ ಮಾತ್ರ ಸರಿಯುತ್ತರ ಬಂತು, ನಾಲ್ಕು ಸಂಚಾರ ಫಲಕಗಳಲ್ಲಿ ಒಂದನ್ನಷ್ಟೇ ಅವರು ಗುರುತಿಸಿದರು ಎಂದು ಇಲಾಖೆ ಹೇಳಿತು. ಇಷ್ಟಾಗಿಯೂ ಅವರಿಗೆ ಭಾರಿ ವಾಹನದ ಪರವಾನಗಿ ಸಿಕ್ಕಿತ್ತು. ಜೊತೆಗೆ, ಅಮೆರಿಕದ ಚಾಲಕನೊಬ್ಬನ ಹಿಂದಿನ ಅಪಘಾತಗಳು, ದಂಡಗಳು ಎಲ್ಲವೂ ಪರವಾನಗಿ ಕಚೇರಿಗೆ ಕಾಣುತ್ತವೆ. ಬೇರೆ ದೇಶದಿಂದ ಬಂದವರ ಹಳೆಯ ದಾಖಲೆ ಕಾಣುವುದಿಲ್ಲ. ಗೊತ್ತಿಲ್ಲದವರ ಕೈಗೆ ಮೂವತ್ತಾರು ಟನ್ನಿನ ವಾಹನ ಕೊಡುವುದು ಹೇಗೆ ಎಂಬ ಪ್ರಶ್ನೆಯಲ್ಲಿ ಹುರುಳಿಲ್ಲ ಎನ್ನಲಾಗದು.

ಈ ವಾದದ ಬೆನ್ನಿಗೆ, ಸೆಪ್ಟೆಂಬರ್ ಕೊನೆಯಲ್ಲಿ ಲಾರಿ, ಬಸ್‌ಗಳ ಸುರಕ್ಷತೆ ನೋಡಿಕೊಳ್ಳುವ ಅಲ್ಲಿನ ಕೇಂದ್ರ ಸಂಸ್ಥೆಯಾದ ಫೆಡರಲ್ ಮೋಟಾರ್ ಕ್ಯಾರಿಯರ್ ಸುರಕ್ಷತಾ ಆಡಳಿತವು ತುರ್ತು ನಿಯಮವೊಂದನ್ನು ಹೊರಡಿಸಿತು. ಅಮೆರಿಕದ ಪೌರರೂ ಕಾಯಂ ನಿವಾಸಿಗಳೂ ಅಲ್ಲದ ಸುಮಾರು ಎರಡು ಲಕ್ಷ ಚಾಲಕರಲ್ಲಿ ಬಹುಪಾಲು ಜನ ಕಾಲಕ್ರಮದಲ್ಲಿ ವಾಣಿಜ್ಯ ಪರವಾನಗಿ ಕಳೆದುಕೊಳ್ಳುವಂತಹ ನಿಯಮ ಅದು. ಸಮರ್ಥನೆಗೆ ಆಡಳಿತ ಮುಂದಿಟ್ಟದ್ದು ಐದು ಅಪಘಾತಗಳನ್ನು. ಆದರೆ ಅದೇ ದಾಖಲೆಯಲ್ಲಿ, ಚಾಲಕನ ದೇಶಕ್ಕೂ ರಸ್ತೆ ಸುರಕ್ಷತೆಗೂ ಸಂಬಂಧವಿದೆ ಎಂದು ತೋರಿಸುವಷ್ಟು ದೃಢವಾದ ಅಧ್ಯಯನ ತನ್ನ ಬಳಿ ಇಲ್ಲವೆಂದೂ ಅದು ಒಪ್ಪಿಕೊಂಡಿತ್ತು. ನವೆಂಬರ್‌ನಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ನಿಯಮಕ್ಕೆ ತಡೆ ನೀಡಿದಾಗ ಆಡಳಿತದ್ದೇ ಒಂದು ಲೆಕ್ಕವನ್ನು ಎತ್ತಿಹೇಳಿತು: ಈ ವರ್ಗದ ಚಾಲಕರು ಒಟ್ಟು ವಾಣಿಜ್ಯ ಪರವಾನಗಿದಾರರಲ್ಲಿ ಸುಮಾರು ಶೇ 5, ಸಾವು ಸಂಭವಿಸಿದ ಅಪಘಾತಗಳಲ್ಲಿ ಅವರ ಪಾಲು ಸುಮಾರು ಶೇ 0.2.

ಈ ಶೇ 0.2ನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಪ್ರತಿ ಅಪಘಾತದಲ್ಲೂ ಚಾಲಕನ ಪರವಾನಗಿ ಯಾವ ವರ್ಗದ್ದು ಎಂದು ಪೊಲೀಸರು ಸರಿಯಾಗಿ ಬರೆದುಕೊಂಡಿರದಿದ್ದರೆ ಈ ಅಂಕಿ ವಾಸ್ತವಕ್ಕಿಂತ ಕಡಿಮೆ ಇರಬಹುದು. ಆದರೂ ಚರ್ಚೆಯ ದಾರಿಯನ್ನು ಅದು ತಿದ್ದಿತು. ಅಲ್ಲಿಯವರೆಗೆ ‘ಎಷ್ಟು ಅಪಘಾತ’ ಎಂದಷ್ಟೇ ಕೇಳುತ್ತಿದ್ದವರು ‘ಎಷ್ಟು ಜನರಲ್ಲಿ ಎಷ್ಟು ಅಪಘಾತ’ ಎಂದು ಕೇಳಬೇಕಾಯಿತು.

ಛೇದವಿಲ್ಲದ ಭಿನ್ನರಾಶಿ

ನಮ್ಮಲ್ಲಿನ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: ‘ಐಮಂಗಲದ ಹತ್ತಿರ ಮೊನ್ನೆ ಗುದ್ದಿದ್ದು ಟಿಎನ್ ಗಾಡಿ, ಭರಮಸಾಗರದ ಹತ್ತಿರ ಪಲ್ಟಿಯಾದದ್ದು ಆರ್‌ಜೆ ಗಾಡಿ, ಇವರಿಗೆಲ್ಲ ಯಾರು ಡಿಎಲ್ ಕೊಟ್ಟರೋ.’ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಗುದ್ದಿದ ಲಾರಿಯ ಪ್ಲೇಟ್ ನಿಜಕ್ಕೂ ಹೊರರಾಜ್ಯದ್ದೇ ಆಗಿರುತ್ತದೆ. ಆದರೆ ಇದು ‘ಎಷ್ಟು ಅಪಘಾತ’ ಎಂಬ ಅಂಶ ಮಾತ್ರ ಇದ್ದು ‘ಎಷ್ಟು ಲಾರಿಗಳಲ್ಲಿ’ ಎಂಬ ಛೇದವಿಲ್ಲದ ಭಿನ್ನರಾಶಿ.

ರಾಷ್ಟ್ರೀಯ ಹೆದ್ದಾರಿ 48, ಅಂದರೆ ಹಿರಿಯರು ಇಂದಿಗೂ ಎನ್‌ಎಚ್ 4 ಎಂದೇ ಕರೆಯುವ ರಸ್ತೆ, ಚೆನ್ನೈ ಮತ್ತು ಬೆಂಗಳೂರನ್ನು ಪುಣೆ, ಮುಂಬೈಗೆ ಜೋಡಿಸುತ್ತದೆ. ಚಿತ್ರದುರ್ಗದಲ್ಲಿ ಹೊಸಪೇಟೆ, ವಿಜಯಪುರದ ಕಡೆಯಿಂದ ಬರುವ ಹೆದ್ದಾರಿ 50 ಅದಕ್ಕೆ ಬಂದು ಸೇರುತ್ತದೆ. ಹಿರಿಯೂರಿನಲ್ಲಿ ಬಳ್ಳಾರಿಯಿಂದ ಬರುವ 150ಎ ಅಡ್ಡಹಾಯುತ್ತದೆ. ಇಂತಹ ರಸ್ತೆಯಲ್ಲಿ ಓಡುವ ಲಾರಿಗಳಲ್ಲಿ ಹೊರರಾಜ್ಯದವು ದೊಡ್ಡ ಪಾಲು ಇರುವುದು ಸಹಜ. ಹೆಚ್ಚು ಇರುವವರು ಹೆಚ್ಚು ಅಪಘಾತಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಅದರಿಂದ ಅವರ ಚಾಲನೆಯ ಗುಣಮಟ್ಟ ತಿಳಿಯುವುದಿಲ್ಲ.

ಲೆಕ್ಕ ಅರ್ಥವಾಗಲೆಂದು ಒಂದು ಕಲ್ಪಿತ ತಿಂಗಳನ್ನು ತೆಗೆದುಕೊಳ್ಳೋಣ. ಹಿರಿಯೂರು ಮತ್ತು ದಾವಣಗೆರೆಯ ನಡುವೆ ಸಾವಿರ ಲಾರಿಗಳು ಓಡಿದವು. ಅವುಗಳಲ್ಲಿ 700 ಹೊರರಾಜ್ಯದವು, 300 ಕೆಎ 16 ಮತ್ತು ಕೆಎ 17ರ, ಅಂದರೆ ಚಿತ್ರದುರ್ಗ ಮತ್ತು ದಾವಣಗೆರೆಯವು. ಹತ್ತು ಅಪಘಾತಗಳಾದವು, ಆರರಲ್ಲಿ ಹೊರಗಿನ ಲಾರಿ, ನಾಲ್ಕರಲ್ಲಿ ಊರಿನ ಲಾರಿ. ಹತ್ತರಲ್ಲಿ ಆರು ಎಂದೊಡನೆ ಹೊರಗಿನವರದೇ ತಪ್ಪು ಎಂಬ ತೀರ್ಮಾನ ಸಿದ್ಧವಾಗುತ್ತದೆ. ಆದರೆ 700ಕ್ಕೆ ಆರು ಎಂದರೆ ಸಾವಿರಕ್ಕೆ ಸುಮಾರು ಎಂಟೂವರೆ. 300ಕ್ಕೆ ನಾಲ್ಕು ಎಂದರೆ ಸಾವಿರಕ್ಕೆ ಹದಿಮೂರಕ್ಕಿಂತ ಹೆಚ್ಚು. ತೀರ್ಮಾನ ತಲೆಕೆಳಗಾಯಿತು.

ಇನ್ನೂ ಒಂದು ಹೆಜ್ಜೆ ಇದೆ. ಹೊರಗಿನ ಲಾರಿ ಈ ನೂರು ಕಿಲೋಮೀಟರನ್ನು ಪೂರ್ತಿ ಕ್ರಮಿಸುತ್ತದೆ. ಊರಿನ ಲಾರಿ ಎಪಿಎಂಸಿಗೋ ಕಲ್ಲು ಕ್ವಾರಿಗೋ ಇಪ್ಪತ್ತು ಕಿಲೋಮೀಟರ್ ಓಡಿ ಹೆದ್ದಾರಿ ಬಿಟ್ಟಿಳಿಯುತ್ತದೆ ಎಂದಿಟ್ಟುಕೊಳ್ಳೋಣ. ಕಿಲೋಮೀಟರ್ ಲೆಕ್ಕದಲ್ಲಿ ನೋಡಿದರೆ ಊರಿನ ಲಾರಿಗಳ ಅಪಘಾತದ ಪ್ರಮಾಣ ಹೊರಗಿನವುಗಳ ಏಳೆಂಟು ಪಟ್ಟು ಆಗಿಬಿಡುತ್ತದೆ. ಹಾಗಾದರೆ ನಮ್ಮವರೇ ಕೆಟ್ಟ ಚಾಲಕರೇ? ಅದೂ ತಪ್ಪು ತೀರ್ಮಾನ. ಊರಿನ ಲಾರಿ ಹೆದ್ದಾರಿಗೆ ಏರುವ, ಇಳಿಯುವ, ಕ್ರಾಸ್‌ನಲ್ಲಿ ತಿರುಗುವ ಜಾಗಗಳೇ ಹೆಚ್ಚು ಅಪಾಯದವು. ದೂರದ ಲಾರಿ ಆ ಜಾಗಗಳನ್ನು ನೇರವಾಗಿ ದಾಟಿಹೋಗುತ್ತದೆ. ಒಂದೇ ಹತ್ತು ಅಪಘಾತಗಳಿಂದ, ಛೇದ ಬದಲಾದಂತೆಲ್ಲ, ಒಂದಕ್ಕೊಂದು ವಿರುದ್ಧವಾದ ಕಥೆಗಳು ಹುಟ್ಟುತ್ತವೆ. ಅಪಘಾತದ ಅಂಕಿಅಂಶವನ್ನು ಯಾರಾದರೂ ಮುಂದಿಟ್ಟಾಗ ‘ಎಷ್ಟಕ್ಕೆ’ ಎಂದು ಮೊದಲು ಕೇಳಬೇಕಾದದ್ದು ಈ ಕಾರಣಕ್ಕೆ.

ಹೆಂಗಸರ ಚಾಲನೆಯ ಬಗೆಗಿನ ಗೇಲಿಗೂ ಇದೇ ಮಾತು ಅನ್ವಯಿಸುತ್ತದೆ. ಭಾರತದಲ್ಲಿ ರಸ್ತೆಯಲ್ಲಿ ಸಾಯುವ ಹತ್ತು ಜನರಲ್ಲಿ ಎಂಟಕ್ಕಿಂತ ಹೆಚ್ಚು ಜನ ಗಂಡಸರು. ಇದನ್ನೇ ಹಿಡಿದು ಹೆಂಗಸರು ಉತ್ತಮ ಚಾಲಕರು ಎಂದು ಸಾಧಿಸಲು ಹೊರಡುವವರೂ ಅವಸರ ಮಾಡುತ್ತಿದ್ದಾರೆ, ಏಕೆಂದರೆ ವಾಹನ ಓಡಿಸುವ ಹೆಂಗಸರ ಸಂಖ್ಯೆಯೂ ಅವರು ಓಡಿಸುವ ದೂರವೂ ಕಡಿಮೆ.

ಪ್ಲೇಟ್ ಒಂದು ರಾಜ್ಯದ್ದು, ಚಾಲಕ ಇನ್ನೊಂದರವ

ನಂಬರ್ ಪ್ಲೇಟ್ ನೋಡಿ ಚಾಲಕನ ಊರು ಹೇಳುವುದರಲ್ಲೇ ಒಂದು ತೊಡಕಿದೆ. ಎನ್‌ಎಲ್ 01 ಎಂದು ಶುರುವಾಗುವ ಲಾರಿಗಳನ್ನೂ ಸ್ಲೀಪರ್ ಬಸ್‌ಗಳನ್ನೂ ಈ ಹೆದ್ದಾರಿಯಲ್ಲಿ ನೋಡದವರಿಲ್ಲ. ನೋಂದಣಿ ನಾಗಾಲ್ಯಾಂಡಿನದು. ಆದರೆ ತೆರಿಗೆ ಮತ್ತು ಪರ್ಮಿಟ್‌ನ ಅನುಕೂಲಕ್ಕಾಗಿ ಅಲ್ಲಿ ನೋಂದಾಯಿಸಿದ ಈ ವಾಹನಗಳ ಮಾಲೀಕರು ಹೆಚ್ಚಾಗಿ ಹರಿಯಾಣದವರೋ ರಾಜಸ್ಥಾನದವರೋ ದಕ್ಷಿಣದವರೋ ಆಗಿರುತ್ತಾರೆ, ಚಾಲಕರು ಮತ್ತೆಲ್ಲಿಯವರೋ. ನಾಮಕ್ಕಲ್‌ನ ಲಾರಿಗೆ ಬಿಹಾರದ ಚಾಲಕ, ಬೆಂಗಳೂರಿನ ಕಂಪನಿಯ ಕಂಟೇನರ್‌ಗೆ ಉತ್ತರ ಪ್ರದೇಶದ ಚಾಲಕ ಇರುವುದು ಈಗ ಸಾಮಾನ್ಯ. ಪ್ಲೇಟ್ ತೋರಿಸುವುದು ತೆರಿಗೆ ಕಟ್ಟಿದ ರಾಜ್ಯವನ್ನು.

ಆದರೂ ಆ ಪ್ಲೇಟ್ ನಮ್ಮ ನೆನಪಿನಲ್ಲಿ ಉಳಿಯುವುದೇಕೆ? 1976ರಲ್ಲಿ ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ದೊಡ್ಡ ಗುಂಪೊಂದರ ಮತ್ತು ಸಣ್ಣ ಗುಂಪೊಂದರ ಸದಸ್ಯರ ಒಳ್ಳೆಯ, ಕೆಟ್ಟ ನಡವಳಿಕೆಗಳನ್ನು ಒಂದೇ ಅನುಪಾತದಲ್ಲಿ ಜನರಿಗೆ ಓದಲು ಕೊಟ್ಟರು. ಓದಿದವರು ಸಣ್ಣ ಗುಂಪಿನ ಕೆಟ್ಟ ನಡವಳಿಕೆಯನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ನೆನಪಿಟ್ಟುಕೊಂಡಿದ್ದರು. ಅಪರೂಪದ ಗುಂಪು ಮತ್ತು ಅಪರೂಪದ ಘಟನೆ ಒಟ್ಟಿಗೆ ಬಂದಾಗ ಮನಸ್ಸು ಎರಡನ್ನೂ ಗಂಟು ಹಾಕಿಬಿಡುತ್ತದೆ. ಕೆಎ 17 ಲಾರಿ ಅಡ್ಡಾದಿಡ್ಡಿ ಓವರ್‌ಟೇಕ್ ಮಾಡಿದರೆ ‘ಅವನಿಗೇನು ಅವಸರವೋ’ ಎಂದು ಒಬ್ಬ ಚಾಲಕನನ್ನು ಬೈಯುತ್ತೇವೆ. ಆರ್‌ಜೆ ಲಾರಿ ಅದನ್ನೇ ಮಾಡಿದರೆ ‘ಇವರೇ ಹೀಗೆ’ ಎನ್ನುತ್ತೇವೆ.

ಅಧ್ಯಯನಗಳು ಕಂಡದ್ದು

ಏಷ್ಯಾದವರಿಗೆ ಕಾರು ಓಡಿಸಲು ಬರುವುದಿಲ್ಲ ಎಂಬುದು ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ದಶಕಗಳಿಂದ ಚಾಲ್ತಿಯಲ್ಲಿರುವ ನಗೆಮಾತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಹೊಸದಾಗಿ ಪರವಾನಗಿ ಪಡೆದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಯುವ ಚಾಲಕರನ್ನು ಸಂಶೋಧಕರು ಅನುಸರಿಸಿ ನೋಡಿದರು. ಏಷ್ಯಾದಲ್ಲಿ ಹುಟ್ಟಿದ ಯುವಕರು ಅಪಘಾತಕ್ಕೆ ಸಿಲುಕುವ ಸಾಧ್ಯತೆ ಆಸ್ಟ್ರೇಲಿಯಾದಲ್ಲಿ ಹುಟ್ಟಿದವರಿಗೆ ಹೋಲಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಕೆನಡಾದ ಒಂಟಾರಿಯೊದಲ್ಲಿ ವೈದ್ಯ ಡೊನಾಲ್ಡ್ ರೆಡೆಲ್‌ಮಯರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದಾಗಿ ವಲಸೆ ಬಂದವರು ಗಂಭೀರ ಅಪಘಾತಗಳಿಗೆ ಒಳಗಾಗುವ ಪ್ರಮಾಣ ಬಹುಕಾಲದ ನಿವಾಸಿಗಳಿಗಿಂತ ಶೇ 40ರಿಂದ 50ರಷ್ಟು ಕಡಿಮೆ ಎಂದು ಕಂಡುಬಂತು.

ಇದರಿಂದ ವಲಸಿಗರು ಹೆಚ್ಚು ನಿಪುಣರು ಎಂದು ತೀರ್ಮಾನಿಸಿದರೆ ನಾವೂ ಅದೇ ಹಳ್ಳಕ್ಕೆ ಬಿದ್ದಂತೆ. ಹೊಸಬರು ಕಾರು ಓಡಿಸುವುದೇ ಕಡಿಮೆ ಇರಬಹುದು, ಬಸ್ಸು ಹಿಡಿಯುವುದು ಹೆಚ್ಚಿರಬಹುದು, ಕುಡಿದು ಓಡಿಸುವುದು ಕಡಿಮೆ ಇರಬಹುದು, ದಂಡದ ಭಯ ಹೆಚ್ಚಿರಬಹುದು. ಈ ಅಧ್ಯಯನಗಳು ಗಟ್ಟಿಯಾಗಿ ಹೇಳುವುದು ಇಷ್ಟು: ಜನರು ನಿಶ್ಚಿತವೆಂದು ನಂಬಿದ್ದ ಸಂಬಂಧವನ್ನು ಅಳೆದು ನೋಡಿದಾಗ ಅದು ಅಲ್ಲಿರಲಿಲ್ಲ, ಇದ್ದದ್ದು ಅದರ ವಿರುದ್ಧ ದಿಕ್ಕಿನಲ್ಲಿತ್ತು.

ಹಾಗಾದರೆ ‘ಸಂಸ್ಕೃತಿ’ ಎಂಬುದಿಲ್ಲವೇ?

ಇದೆ ಎನ್ನುವವರ ಬಳಿ ಒಂದು ಬಲವಾದ ಪುರಾವೆ ಇದೆ. ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ರಾಜತಾಂತ್ರಿಕರಿಗೆ ಪಾರ್ಕಿಂಗ್ ದಂಡ ಕಟ್ಟದೆ ತಪ್ಪಿಸಿಕೊಳ್ಳುವ ವಿನಾಯಿತಿ ಇತ್ತು. 1997 ಮತ್ತು 2002ರ ನಡುವೆ ಅವರು ಕಟ್ಟದೆ ಬಿಟ್ಟ ದಂಡದ ಚೀಟಿಗಳು ಒಂದೂವರೆ ಲಕ್ಷ ಮೀರಿದ್ದವು. ರೇಮಂಡ್ ಫಿಸ್ಮನ್ ಮತ್ತು ಎಡ್ವರ್ಡ್ ಮಿಗೆಲ್ ಎಂಬ ಅರ್ಥಶಾಸ್ತ್ರಜ್ಞರು ಅವನ್ನು ದೇಶವಾರು ಜೋಡಿಸಿದಾಗ ಭ್ರಷ್ಟಾಚಾರ ಹೆಚ್ಚಿರುವ ದೇಶಗಳ ಪ್ರತಿನಿಧಿಗಳೇ ನಿಯಮವನ್ನು ಹೆಚ್ಚು ಮುರಿದಿದ್ದರು. ಸ್ವೀಡನ್, ನಾರ್ವೆಯವರ ಲೆಕ್ಕ ಸೊನ್ನೆ. ಊರಿನ ಅಭ್ಯಾಸ ಸಮುದ್ರ ದಾಟಿ ಬಂದಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಸಿಗುವುದು ಕಷ್ಟ.

ಆದರೆ ಆ ಕಥೆಯ ಉತ್ತರಾರ್ಧವನ್ನು ಉಲ್ಲೇಖಿಸುವವರು ಕಡಿಮೆ. 2002ರ ಕೊನೆಯಲ್ಲಿ ನಗರ ಬಿಗಿ ಮಾಡಿತು: ದಂಡ ಬಾಕಿ ಇಟ್ಟವರ ರಾಜತಾಂತ್ರಿಕ ಪ್ಲೇಟ್ ಕಿತ್ತುಕೊಳ್ಳುವ ಅಧಿಕಾರ ಅದಕ್ಕೆ ಸಿಕ್ಕಿತು. ಉಲ್ಲಂಘನೆಗಳು ಶೇ 98ರಷ್ಟು ಇಳಿದವು. ಜನ ಅವರೇ, ದೇಶಗಳು ಅವೇ. ಬದಲಾದದ್ದು ತಪ್ಪಿಗೆ ಬೆಲೆ ತೆರಬೇಕೇ ಬೇಡವೇ ಎಂಬುದು. ಪಾರ್ಕಿಂಗ್ ತಪ್ಪಿಗೂ ಲಾರಿ ಅಪಘಾತಕ್ಕೂ ವ್ಯತ್ಯಾಸವಿದೆ, ನಿಜ. ಆದರೂ ‘ಅವರ ಸಂಸ್ಕೃತಿಯೇ ಹಾಗೆ’ ಎಂದು ಕೈತೊಳೆದುಕೊಳ್ಳುವವರಿಗೆ, ಆ ಸಂಸ್ಕೃತಿ ಕಟ್ಟುನಿಟ್ಟಿನ ಜಾರಿಯ ಮುಂದೆ ಕೆಲವೇ ತಿಂಗಳು ಬಾಳಿತು ಎಂಬುದನ್ನು ನೆನಪಿಸಬಹುದು.

ಭಾರತದ ಸಾವಿನ ಸಂಖ್ಯೆಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯ ಪ್ರಕಾರ ಆ ವರ್ಷ 4,61,312 ಅಪಘಾತಗಳಲ್ಲಿ 1,68,491 ಜನ ಸತ್ತರು. ಸತ್ತವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನಗಳಲ್ಲಿದ್ದವರು, ಶೇ 19.5ರಷ್ಟು ಜನ ನಡೆದುಹೋಗುತ್ತಿದ್ದವರು. ಒಂದೇ ರಸ್ತೆಯಲ್ಲಿ ಕಂಟೇನರ್, ಬೈಕ್, ಎತ್ತಿನ ಗಾಡಿ, ಶಾಲೆಗೆ ಹೋಗುವ ಮಕ್ಕಳು ಎಲ್ಲರೂ ಇರುವಾಗ ಒಂದು ಸಣ್ಣ ತಪ್ಪು ಸಾವಾಗುತ್ತದೆ. ಅದೇ ತಪ್ಪು, ಎರಡೂ ಕಡೆ ಬೇಲಿ ಇರುವ ಕಾರುಗಳ ಹೆದ್ದಾರಿಯಲ್ಲಿ ಬಂಪರ್ ಬದಲಿಸುವುದರೊಂದಿಗೆ ಮುಗಿಯಬಹುದು. ದೇಶದ ರಸ್ತೆಗಳ ಉದ್ದದಲ್ಲಿ ಶೇ 2ರಷ್ಟಿರುವ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಆ ವರ್ಷದ ಶೇ 36ರಷ್ಟು ಸಾವುಗಳಾದವು.

ಎಫ್‌ಐಆರ್‌ನಲ್ಲಿ ಉಳಿಯುವುದು, ಬಿಟ್ಟುಹೋಗುವುದು

ಅದೇ ವರದಿ ಶೇ 71ರಷ್ಟು ಸಾವುಗಳಿಗೆ ಅತಿವೇಗವೇ ಕಾರಣ ಎನ್ನುತ್ತದೆ. ಈ ಅಂಕಿ ಹುಟ್ಟುವ ಜಾಗ ಪೊಲೀಸ್ ಠಾಣೆ. ಅಪಘಾತದ ಯಾವ ಎಫ್‌ಐಆರ್ ತೆರೆದರೂ ‘ಸದರಿ ವಾಹನದ ಚಾಲಕನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿ’ ಎಂಬ ಸಾಲು ಸಿಗುತ್ತದೆ. ಅದು ಬಹುಮಟ್ಟಿಗೆ ಅಚ್ಚುಹಾಕಿದ ಸಾಲು, ಮತ್ತು ಹಾಗಿರಲು ಕಾರಣವೂ ಇದೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿಗೆ, ಸಾವಾಗಿದ್ದರೆ 106ನೇ ಕಲಮಿಗೆ, ಒಬ್ಬ ಚಾಲಕನ ನಿರ್ಲಕ್ಷ್ಯ ಬೇಕು. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಪೂರ್ಣ ಪರಿಹಾರ ಪಡೆಯಬೇಕಾದರೂ ಎದುರಿನ ಚಾಲಕನ ನಿರ್ಲಕ್ಷ್ಯವನ್ನು ತೋರಿಸಬೇಕು. ರಸ್ತೆಯ ತಿರುವು ತಪ್ಪಾಗಿತ್ತು ಎಂದು ಬರೆದರೆ ಸತ್ತವರ ಮನೆಯವರಿಗೆ ವಿಮೆಯ ಹಣ ಬರುವುದು ಕಷ್ಟವಾಗುತ್ತದೆ. ಹೀಗಾಗಿ ದಾಖಲೆಯಲ್ಲಿ ಚಾಲಕ ಉಳಿಯುತ್ತಾನೆ. ಕೆಟ್ಟುಹೋದ ದೀಪ, ಅರ್ಧಕ್ಕೆ ನಿಂತ ಸರ್ವಿಸ್ ರಸ್ತೆ, ಇಪ್ಪತ್ತು ಗಂಟೆಯಿಂದ ನಿದ್ದೆ ಇಲ್ಲದ ಕಣ್ಣು ಬಿಟ್ಟುಹೋಗುತ್ತವೆ.

ಇದೇ ಹೆದ್ದಾರಿಯ ಎರಡು ದುರಂತಗಳನ್ನು ನೋಡಿದರೆ ಬಿಟ್ಟುಹೋಗುವುದರ ತೂಕ ತಿಳಿಯುತ್ತದೆ. 2021ರ ಜನವರಿ 15ರಂದು ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೊ ಟ್ರಾವೆಲರ್, ಧಾರವಾಡದ ಇಟಿಗಟ್ಟಿ ಬಳಿ ಟಿಪ್ಪರ್‌ಗೆ ಮುಖಾಮುಖಿ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಅತ್ತ ಬೆಳಗಾವಿಯವರೆಗೆ, ಇತ್ತ ಬೆಂಗಳೂರಿನವರೆಗೆ ಹೆದ್ದಾರಿ ಅಗಲವಾಗಿದ್ದರೂ ಹುಬ್ಬಳ್ಳಿ–ಧಾರವಾಡ ಬೈಪಾಸ್ ಮಾತ್ರ ಡಿವೈಡರ್ ಇಲ್ಲದ ಎರಡು ಪಥದ ರಸ್ತೆಯಾಗಿತ್ತು. ಡಿವೈಡರ್ ಇರುವ ಕಡೆ ಮುಖಾಮುಖಿ ಡಿಕ್ಕಿ ಅಪರೂಪ. ಇಲ್ಲಿ ನಾಲ್ಕು ಪಥದ ವೇಗಕ್ಕೆ ಒಗ್ಗಿಕೊಂಡು ಬಂದ ಪ್ರತಿಯೊಬ್ಬ ಚಾಲಕನೂ, ಅವನು ಯಾವ ರಾಜ್ಯದವನಾದರೂ, ಓವರ್‌ಟೇಕ್ ಮಾಡಲು ಎದುರಿನ ಪಥಕ್ಕೇ ಇಳಿಯಬೇಕಿತ್ತು. ಸತ್ತವರ ಕುಟುಂಬದವರು ನಂತರ ಅದೇ ಜಾಗದಲ್ಲಿ ನಿಂತು ಪ್ರತಿಭಟಿಸಿದ್ದು ರಸ್ತೆ ಅಗಲೀಕರಣಕ್ಕಾಗಿ.

2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ದೇವರ ದರ್ಶನ ಮುಗಿಸಿ ಮರಳುತ್ತಿದ್ದ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರ ವಾಹನ ಹೆದ್ದಾರಿ ಬದಿಯಲ್ಲಿ ನಿಂತಿದ್ದ ಲಾರಿಗೆ ಗುದ್ದಿ 13 ಜನ ಸತ್ತರು. ಹೆದ್ದಾರಿ ಬದಿಯಲ್ಲಿ ಲಾರಿ ನಿಲ್ಲುವುದು ತಪ್ಪು. ಆದರೆ ದೂರದ ಲಾರಿ ಸುರಕ್ಷಿತವಾಗಿ ನಿಂತು ಚಾಲಕ ಮಲಗುವಂತಹ ಜಾಗಗಳು ಸಾಲದಾದಾಗ ಅದು ನಿಲ್ಲುವುದು ಡಾಬಾದ ಮುಂದೆ, ಬಿಳಿ ಗೆರೆಯ ಮೇಲೆ, ಎಷ್ಟೋ ಸಲ ಹಿಂದಿನ ದೀಪ ಆರಿಸಿ. ಕಬ್ಬಿನ ಹಂಗಾಮಿನಲ್ಲಿ ರಿಫ್ಲೆಕ್ಟರ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು, ಮೆಕ್ಕೆಜೋಳದ ಕೊಯ್ಲಿನಲ್ಲಿ ಸರ್ವಿಸ್ ರಸ್ತೆಯ ಮೇಲೆ ಹರಡಿದ ಕಾಳು ಮತ್ತು ಅದರ ಅಂಚಿಗೆ ಇಟ್ಟ ಕಲ್ಲುಗಳು ಸೇರಿದರೆ, ರಾತ್ರಿಯ ಚಾಲನೆ ಯಾರಿಗೇ ಆದರೂ ಕಷ್ಟ. ಇದರಲ್ಲಿ ಹೊರಗಿನವರ ಪಾತ್ರವೇನೂ ಇಲ್ಲ. ಕಾಳು ನಮ್ಮದು, ಟ್ರೇಲರ್ ನಮ್ಮದು.

ನಿದ್ದೆಯ ಮಾತಿಗೆ ಬಂದರೆ, 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ಕೆಲಸ ಮತ್ತು ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ ಎಂದಿತ್ತು. ಆದರೆ ಐದಕ್ಕಿಂತ ಕಡಿಮೆ ಕೆಲಸಗಾರರಿರುವ ಮಾಲೀಕರಿಗೆ ಅದು ಅನ್ವಯಿಸುತ್ತಿರಲಿಲ್ಲ. ನಮ್ಮಲ್ಲಿ ಒಂದೆರಡು ಲಾರಿಗಳ ಮಾಲೀಕರೇ ಹೆಚ್ಚು. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ನಲವತ್ತೈದು ನಿಮಿಷ ನಿಲ್ಲಲೇಬೇಕು, ಅದನ್ನು ಲಾರಿಯೊಳಗಿನ ಯಂತ್ರವೇ ದಾಖಲಿಸುತ್ತದೆ. ನಮ್ಮ ಚಾಲಕ ಎಷ್ಟು ಗಂಟೆಯಿಂದ ಸ್ಟಿಯರಿಂಗ್ ಹಿಡಿದಿದ್ದಾನೆ ಎಂಬುದು ಅವನಿಗೂ ಕ್ಲೀನರ್‌ಗೂ ಮಾತ್ರ ಗೊತ್ತು. ಮೂರು ದಿನದಲ್ಲಿ ಮುಂಬೈ ಮುಟ್ಟಿಸಿದರೆ ಭತ್ಯೆ, ತಡವಾದರೆ ಕಡಿತ ಎಂಬ ಏರ್ಪಾಟಿನಲ್ಲಿ ದೂರದ ಊರಿನ ಚಾಲಕ ಹೆಚ್ಚು ದಣಿದಿರುವ ಸಾಧ್ಯತೆ ಇದೆ. ಅಂದರೆ ಹೊರಗಿನವರು ಹೆಚ್ಚು ಅಪಾಯಕಾರಿ ಎಂದು ಮುಂದೆ ಲೆಕ್ಕದಿಂದ ಸಾಬೀತಾದರೂ, ಕಾರಣ ಅವರ ನಾಡಿನಲ್ಲಿ ಇರಲಾರದು, ಅವರ ಕೆಲಸದ ಗಂಟೆಗಳಲ್ಲಿ ಇರಬಹುದು. ಹಾಗಿದ್ದರೆ ಪರಿಹಾರವೂ ಬೇರೆಯೇ ಆಗುತ್ತದೆ.

ಪೂರ್ವಗ್ರಹ ತನಗೆ ತಾನೇ ಪುರಾವೆ ಹುಟ್ಟಿಸುವ ಬಗೆ

ತಪ್ಪು ಕಾರಣ ಹಿಡಿದರೆ ಆಗುವ ನಷ್ಟ ಬರೀ ಮಾತಿನ ನಷ್ಟವಲ್ಲ. ಹೊರಗಿನ ಲಾರಿ ಬೈಕಿಗೆ ಗುದ್ದಿತು ಎಂದಿಟ್ಟುಕೊಳ್ಳೋಣ. ಜನ ಸೇರುತ್ತಾರೆ. ತಪ್ಪು ಯಾರದು ಎಂಬುದು ಪ್ಲೇಟ್ ನೋಡಿಯೇ ತೀರ್ಮಾನವಾಗಿರುತ್ತದೆ. ಕನ್ನಡ ಬಾರದ ಚಾಲಕನಿಗೆ ತನ್ನ ಮಾತು ಹೇಳಿಕೊಳ್ಳಲಾಗದು, ಹೊಡೆತ ಬೀಳುತ್ತದೆ ಎಂಬುದಷ್ಟೇ ಗೊತ್ತು. ಅವನು ಲಾರಿ ಬಿಟ್ಟೋ ಲಾರಿ ಸಮೇತವೋ ಓಡುತ್ತಾನೆ. ಗಾಯಾಳುವನ್ನು ಮೊದಲು ಎತ್ತಬಹುದಾಗಿದ್ದ ವ್ಯಕ್ತಿ ಇಲ್ಲವಾಗುತ್ತಾನೆ, ರಕ್ತ ಹರಿಯುವ ಹೊತ್ತು ಹೆಚ್ಚುತ್ತದೆ. ಲಾರಿಯೂ ಸಿಗದಿದ್ದರೆ ಪ್ರಕರಣ ‘ಗುದ್ದಿ ಪರಾರಿ’ ಎಂದು ದಾಖಲಾಗುತ್ತದೆ. 2022ರಲ್ಲಿ ದೇಶದಲ್ಲಿ ಇಂತಹ 67,387 ಅಪಘಾತಗಳಲ್ಲಿ 30,486 ಜನ ಸತ್ತರು. ವಾಹನ ಸಿಗದಿದ್ದರೆ ಸತ್ತವರ ಮನೆಯವರಿಗೆ ಸಿಗುವುದು ಎರಡು ಲಕ್ಷ ರೂಪಾಯಿಯ ನಿಗದಿತ ಪರಿಹಾರ ಮಾತ್ರ. ವಾಹನ ಸಿಕ್ಕಿದ್ದರೆ ದುಡಿಯುವ ಮನುಷ್ಯನ ಆದಾಯದ ಲೆಕ್ಕದಲ್ಲಿ ಅದರ ಹಲವು ಪಟ್ಟು ಬರುತ್ತಿತ್ತು. ಇನ್ನು ಊರಿನಲ್ಲಿ ಉಳಿಯುವ ಮಾತು: ‘ನೋಡಿ, ಗುದ್ದಿ ಓಡಿಹೋದ. ಇವರೇ ಹೀಗೆ.’

ಪರಾರಿಯಾದವರಿಗೆ ಹತ್ತು ವರ್ಷದವರೆಗೆ ಶಿಕ್ಷೆ ವಿಧಿಸುವ ನ್ಯಾಯ ಸಂಹಿತೆಯ 106(2)ನೇ ಕಲಮನ್ನು ವಿರೋಧಿಸಿ 2024ರ ಜನವರಿಯಲ್ಲಿ ದೇಶದಾದ್ಯಂತ ಲಾರಿ ಚಾಲಕರು ಮುಷ್ಕರ ಹೂಡಿದಾಗ ಅವರು ಹೇಳಿದ್ದು ಇದನ್ನೇ: ನಿಂತರೆ ಜನ ಹೊಡೆಯುತ್ತಾರೆ, ಓಡಿದರೆ ಜೈಲು. ಆ ವರ್ಷ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪಕಲಮನ್ನು ತಡೆಹಿಡಿಯಲಾಯಿತು. ಪೊಲೀಸರಿಗೆ ತಾನೇ ಹೋಗಿ ತಿಳಿಸಿದ ಚಾಲಕನಿಗೆ ಆ ಕಲಮು ಅನ್ವಯಿಸುವುದಿಲ್ಲ ಎಂಬ ಸರ್ಕಾರದ ವಿವರಣೆ ಸರಿಯಾದದ್ದೇ. ಆದರೆ ಅಪರಿಚಿತ ಊರಿನಲ್ಲಿ, ಗುಂಪಿನ ನಡುವೆ, ಠಾಣೆ ಎಲ್ಲಿದೆ ಎಂದು ಯಾರನ್ನು ಕೇಳಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

ಎರಡನೆಯ ನಷ್ಟ ಆಡಳಿತದ್ದು. ಮೂರು ವರ್ಷಗಳಲ್ಲಿ ಐದು ಗಂಭೀರ ಅಪಘಾತ ಅಥವಾ ಹತ್ತು ಸಾವು ಕಂಡ ಸುಮಾರು 500 ಮೀಟರ್ ಹೆದ್ದಾರಿಯನ್ನು ಬ್ಲ್ಯಾಕ್ ಸ್ಪಾಟ್ ಎಂದು ಗುರುತಿಸಿ ಸರಿಪಡಿಸಬೇಕು ಎಂಬುದು ಸಚಿವಾಲಯದ ಮಾನದಂಡ. ಒಂದೇ ಜಾಗದಲ್ಲಿ ತಮಿಳುನಾಡಿನ ಲಾರಿ, ಕಲಬುರಗಿಯ ಬಸ್ಸು, ಊರಿನ ಆಟೊ ಎಲ್ಲವೂ ಬೀಳುತ್ತಿದ್ದರೆ ದೋಷ ಜಾಗದ್ದು ಎಂದು ತಿಳಿಯಲು ಆ ಮಾನದಂಡ ನೆರವಾಗುತ್ತದೆ. ‘ಹೊರಗಿನವರ ಅತಿವೇಗ’ ಎಂಬ ಉತ್ತರ ಕೈಗೆ ಸಿದ್ಧವಾಗಿದ್ದರೆ ಅಂಡರ್‌ಪಾಸ್ ಕೇಳುವ ಗ್ರಾಮಸ್ಥರ ಅರ್ಜಿಗೆ ಅವಸರವಿರುವುದಿಲ್ಲ. ಗುತ್ತಿಗೆದಾರರಿಗೆ ಇದಕ್ಕಿಂತ ಅನುಕೂಲದ ಪೂರ್ವಗ್ರಹ ಬೇರೊಂದಿಲ್ಲ.

ಲೆಕ್ಕ ಟೋಲ್‌ನಲ್ಲಿದೆ

ಹೊರರಾಜ್ಯದ ಲಾರಿಗಳು ಹೆಚ್ಚು ಅಪಘಾತ ಮಾಡುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಇಂದು ಅಸಾಧ್ಯವೇನಲ್ಲ. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿದೆ. ಹಿರಿಯೂರು ಬಳಿಯ ಗುಯಿಲಾಳು ಮತ್ತು ದಾವಣಗೆರೆ ಬಳಿಯ ಹೆಬ್ಬಾಳು ಟೋಲ್‌ಗಳನ್ನು ದಾಟುವ ಪ್ರತಿ ವಾಹನದ ನೋಂದಣಿ ಸಂಖ್ಯೆ, ದಿನ, ಗಂಟೆ ದಾಖಲಾಗುತ್ತದೆ. ಛೇದ ಅಲ್ಲಿದೆ. ಅಂಶಕ್ಕೆ, ಐಐಟಿ ಮದ್ರಾಸ್ ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರ ರೂಪಿಸಿದ ಸಮಗ್ರ ರಸ್ತೆ ಅಪಘಾತ ದತ್ತಾಂಶ ವ್ಯವಸ್ಥೆ ಇದೆ. ಅದನ್ನು ಮೊದಲು ಪ್ರಯೋಗಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸ್ಥಳ, ವಾಹನ, ಚಾಲಕನ ಪರವಾನಗಿ ಎಲ್ಲವನ್ನೂ ಪೊಲೀಸರು ಘಟನಾ ಸ್ಥಳದಿಂದಲೇ ಅದಕ್ಕೆ ತುಂಬಬಹುದು. ಈ ಎರಡನ್ನೂ ಒಂದರ ಮೇಲೊಂದು ಇಟ್ಟರೆ, ವಾಹನ ಮಾಲೀಕರ ಹೆಸರು ಹೊರಗೆಡಹದೆಯೇ, ಯಾವ ರಾಜ್ಯದ ನೋಂದಣಿಯ ಲಾರಿಗಳು ಯಾವ ಗಂಟೆಯಲ್ಲಿ ಲಕ್ಷ ಸಂಚಾರಕ್ಕೆ ಎಷ್ಟು ಅಪಘಾತಗಳಲ್ಲಿ ಸಿಲುಕುತ್ತವೆ ಎಂಬ ಕೋಷ್ಟಕ ಸಿದ್ಧವಾಗುತ್ತದೆ.

ಆ ಕೋಷ್ಟಕವೂ ಎಲ್ಲವನ್ನೂ ಹೇಳುವುದಿಲ್ಲ. ಟೋಲ್ ತಪ್ಪಿಸಿ ಸರ್ವಿಸ್ ರಸ್ತೆಯಲ್ಲೋ ಹಳ್ಳಿಯ ದಾರಿಯಲ್ಲೋ ಹೋಗುವ ಊರಿನ ವಾಹನಗಳು ಛೇದದಲ್ಲಿ ಬರುವುದಿಲ್ಲವಾದ್ದರಿಂದ, ಊರಿನವರ ಅಪಘಾತದ ಪ್ರಮಾಣ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಎನ್‌ಎಲ್ ಪ್ಲೇಟ್‌ನ ಸಮಸ್ಯೆ ಹಾಗೆಯೇ ಉಳಿಯುತ್ತದೆ, ಪರವಾನಗಿ ಸಂಖ್ಯೆಯನ್ನು ಜೋಡಿಸದ ಹೊರತು. ಟೋಲ್‌ನಿಂದ ಟೋಲ್‌ಗೆ ಹಿಡಿದ ಸಮಯದಿಂದ ಸರಾಸರಿ ವೇಗವನ್ನೂ, ಒಂದೇ ಲಾರಿ ಸತತವಾಗಿ ದಾಟಿದ ಟೋಲ್‌ಗಳಿಂದ ಅದು ಎಷ್ಟು ಹೊತ್ತು ನಿಲ್ಲದೆ ಓಡಿದೆ ಎಂಬುದನ್ನೂ ಲೆಕ್ಕ ಹಾಕಬಹುದು. ಸರಾಸರಿ ವೇಗಕ್ಕೆ ದಂಡ ಹಾಕುವ ಪ್ರಸ್ತಾಪಗಳು ಆಗಾಗ ಕೇಳಿಬರುತ್ತವೆ. ನಿಲ್ಲದೆ ಓಡಿದ ಗಂಟೆಗಳನ್ನು ಎಣಿಸಿದರೆ ದಂಡದ ಚೀಟಿ ಚಾಲಕನಿಗೆ ಹೋಗುವ ಬದಲು ಲಾರಿಯ ಮಾಲೀಕನಿಗೂ ಸರಕಿನ ಕಂಪನಿಗೂ ಹೋಗಬೇಕಾಗುತ್ತದೆ. ಆ ಲೆಕ್ಕವನ್ನು ಹಾಕಿ ಎಂದು ಸಾರಿಗೆ ಉದ್ಯಮದ ಕಡೆಯಿಂದ ಒತ್ತಾಯ ಬರಲಾರದು.